ಬೇಸಿಗೆ ರಜೆಗೆ ಮಕ್ಕಳ ತೋಟದ ಕಿಟ್: ಪೆಟ್ಟಿಗೆಯಲ್ಲಿ ಏನಿದೆ, ಏಪ್ರಿಲ್ ಬಿಸಿಲಿಗೆ ಏನು ಬೇಕು

ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಆರಂಭವಾಗುತ್ತಿದ್ದಂತೆ ಅಂತರ್ಜಾಲದ ಅಂಗಡಿಗಳಲ್ಲಿಯೂ ಆಟಿಕೆ ಮಳಿಗೆಗಳಲ್ಲಿಯೂ ‘ಮಕ್ಕಳ ತೋಟಗಾರಿಕೆ ಕಿಟ್’ ಎಂಬ ಪೆಟ್ಟಿಗೆಗಳು ಸಾಲುಗಟ್ಟಿ ನಿಲ್ಲುತ್ತವೆ. ಪುಟ್ಟ ಮಣ್ಣಿನ ಕುಂಡಗಳು, ಬೀಜದ ಪೊಟ್ಟಣಗಳು, ಬಣ್ಣದ ಡಬ್ಬಿಗಳು, ಕುಂಚ, ಅಂಗೈಯಗಲದ ಸಲಿಕೆ ಎಲ್ಲವೂ ಒಂದೇ ಕಡೆ ಸಿಗುವುದರಿಂದ ಕೆಲಸಕ್ಕೆ ಹೋಗುವ ತಂದೆ ತಾಯಂದಿರಿಗೆ ಇದು ಬಹಳ ಅನುಕೂಲದ ವಸ್ತುವಾಗಿ ಕಾಣುತ್ತದೆ. ನಾಲ್ಕು ವರ್ಷದ ಮಗಳು ಮತ್ತು ಏಳು ವರ್ಷದ ಮಗನಿಗಾಗಿ ನಾವು ಬೆಂಗಳೂರಿನ ಮನೆಗೆ ಅಂಥದ್ದೊಂದು ಕಿಟ್ಟನ್ನು ಸುಮಾರು ಒಂಬೈನೂರು ರೂಪಾಯಿ ಕೊಟ್ಟು ತರಿಸಿದೆವು. ಇಂಥ ಪೆಟ್ಟಿಗೆಗಳನ್ನು ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ತಯಾರಿಸುತ್ತಿರುವುದರಿಂದ ಕಂಪನಿಯ ಹೆಸರಿಗಿಂತ ಪೆಟ್ಟಿಗೆಯೊಳಗಿನ ಸಾಮಗ್ರಿಯ ಗುಣವನ್ನು ವಿವರಿಸುವುದೇ ಓದುಗರಿಗೆ ಉಪಯುಕ್ತವೆಂದು ಭಾವಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕರಕುಶಲದ ಪೆಟ್ಟಿಗೆಯಾಗಿ ಈ ಕಿಟ್ ಚೆನ್ನಾಗಿದೆ. ತೋಟದ ಪೆಟ್ಟಿಗೆಯಾಗಿ ಇದು ನಮ್ಮ ಬೇಸಿಗೆಗೆ ಒಗ್ಗುವುದಿಲ್ಲ. ಕುಂಡಗಳು, ಉಪಕರಣಗಳು, ಅಚ್ಚುಕಟ್ಟಾದ ಜೋಡಣೆ ಇವುಗಳಲ್ಲಿ ತೋರಿದ ಕಾಳಜಿಯನ್ನು ಬೀಜಗಳ ಆಯ್ಕೆಯಲ್ಲಿ ತೋರಿಸಿಲ್ಲ. ಚಿಕ್ಕ ಮಕ್ಕಳ ಮಟ್ಟಿಗೆ ತೋಟವೆಂದರೆ ಮೊದಲ ವಾರದಲ್ಲಿ ಕಣ್ಣಿಗೆ ಬೀಳುವ ಮೊಳಕೆಯೇ ಹೊರತು ಬೇರೇನೂ ಅಲ್ಲವಾದ್ದರಿಂದ, ಬೀಜದ ವಿಷಯದಲ್ಲಾದ ಅಲಕ್ಷ್ಯ ಇಡೀ ಪೆಟ್ಟಿಗೆಯ ಉದ್ದೇಶವನ್ನೇ ದುರ್ಬಲಗೊಳಿಸುತ್ತದೆ.

ಮೆಚ್ಚಬೇಕಾದ ಸಂಗತಿಗಳಲ್ಲಿ ಎಲ್ಲಕ್ಕಿಂತ ಮೊದಲನೆಯದು ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆಗಳು. ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಈ ಒಣ ಬಿಲ್ಲೆಯನ್ನು ಬಟ್ಟಲಿನಲ್ಲಿಟ್ಟು ಬೆಚ್ಚಗಿನ ನೀರು ಸುರಿದರೆ ಅದು ಕಣ್ಣೆದುರಿಗೇ ಉಬ್ಬಿ ಹಲವು ಪಟ್ಟು ಎತ್ತರವಾಗುತ್ತದೆ. ನಾಲ್ಕು ವರ್ಷದ ಮಗು ಇದನ್ನು ನೋಡುತ್ತ ಕುಳಿತುಕೊಳ್ಳುವ ಏಕಾಗ್ರತೆಯನ್ನು ಯಾವ ಆಟಿಕೆಯೂ ತರಲಾರದೆಂಬುದು ನನ್ನ ನಂಬಿಕೆ. ಕೈಗೆ ಮೆತ್ತಗೆ ಹತ್ತುವ ಈ ಪುಡಿಯನ್ನು ಬೆರಳಿನಿಂದ ಬಿಡಿಸುವುದು, ಹಿಂಡುವುದು, ಕುಂಡಕ್ಕೆ ತುಂಬುವುದು ಇವೆಲ್ಲ ಆ ವಯಸ್ಸಿನ ಕೈಗಳಿಗೆ ಹೇಳಿ ಮಾಡಿಸಿದ ಕೆಲಸ. ಸಲಿಕೆ ಮತ್ತು ಕುಂಟೆಗೆ ಮರದ ಹಿಡಿ ಇದ್ದು, ಅಂಚುಗಳನ್ನು ಉಜ್ಜಿ ನಯಗೊಳಿಸಲಾಗಿದೆ. ನೀರು ಚಿಮುಕಿಸುವ ಬಾಟಲಿಯ ಹಿಡಿಕೆ ಮಕ್ಕಳ ಬೆರಳಿನ ಬಲಕ್ಕೆ ತಕ್ಕಷ್ಟು ಸಡಿಲವಾಗಿದೆ. ಬಿದಿರಿನ ಹೆಸರು ಕಡ್ಡಿಗಳ ಮೇಲೆ ಮಗ ತಾನೇ ಕನ್ನಡದಲ್ಲಿ ಗಿಡದ ಹೆಸರನ್ನು ಬರೆದು ನೆಟ್ಟನು. ಹೊಸದಾಗಿ ಅಕ್ಷರ ಕೂಡಿಸಲು ಕಲಿತ ಮಗುವಿಗೆ ಇದಕ್ಕಿಂತ ಅರ್ಥಪೂರ್ಣವಾದ ಬರವಣಿಗೆಯ ಅಭ್ಯಾಸ ಬೇರೊಂದಿಲ್ಲ.

ಆದರೆ ಆ ಬಿಲ್ಲೆಯ ಕುರಿತು ಕೈಪಿಡಿ ಹೇಳದೆ ಬಿಟ್ಟ ಮಾತೊಂದಿದೆ. ತೆಂಗಿನ ನಾರಿನ ಪುಡಿ ನೀರನ್ನು ಹಿಡಿದಿಡುತ್ತದೆ, ಬೇರಿಗೆ ಗಾಳಿ ಒದಗಿಸುತ್ತದೆ, ಆದರೆ ಗಿಡಕ್ಕೆ ಬೇಕಾದ ಪೋಷಕಾಂಶ ಅದರಲ್ಲಿ ಬಹಳ ಕಡಿಮೆ. ಬೀಜದೆಲೆಗಳಲ್ಲಿ ಕೂಡಿಟ್ಟ ಆಹಾರ ಮುಗಿದ ಮೇಲೆ ಸಸಿ ಹಳದಿ ಬಣ್ಣಕ್ಕೆ ತಿರುಗಿ ನಿಂತುಬಿಡುತ್ತದೆ. ಸರಿಯಾಗಿ ತೊಳೆಯದ ಪುಡಿಯಾದರೆ ಅದರಲ್ಲಿ ಉಳಿದ ಉಪ್ಪಿನ ಅಂಶದಿಂದ ಎಳೆಯ ಬೇರು ಸುಟ್ಟುಹೋಗುವುದೂ ಉಂಟು. ಬಿಲ್ಲೆ ಉಬ್ಬಿದ ಮೇಲೆ ಒಮ್ಮೆ ನೀರು ಹಿಂಡಿ ತೆಗೆದು, ಸಮಪಾಲು ಎರೆಗೊಬ್ಬರವನ್ನೂ ಕೆಮ್ಮಣ್ಣನ್ನೂ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿಯನ್ನು ಸೇರಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ. ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಪೊಟ್ಟಣದಷ್ಟಾದರೂ ಎರೆಗೊಬ್ಬರವನ್ನು ಇಡಬಹುದಾಗಿತ್ತು. ಅದರ ಬದಲು ಮಿನುಗುವ ಪ್ಲಾಸ್ಟಿಕ್ ಪುಡಿಯ ಮೂರು ಶೀಶೆಗಳನ್ನು ಇಟ್ಟಿದ್ದಾರೆ.

ಈಗ ಬೀಜಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಪೆಟ್ಟಿಗೆಯಲ್ಲಿ ಚೆಂಡುಹೂವು, ಸೂರ್ಯಕಾಂತಿ, ಚೆರ್ರಿ ಟೊಮೆಟೊ, ಪೆಟೂನಿಯಾ, ಲೆಟ್ಯೂಸ್, ಬೇಸಿಲ್ ಈ ಆರು ಬಗೆಯ ಬೀಜಗಳಿದ್ದವು. ಇವುಗಳಲ್ಲಿ ಲೆಟ್ಯೂಸ್ ತಂಪು ಹವೆಯ ಬೆಳೆ. ಮಣ್ಣಿನ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಬೀಜ ಮೊಳೆಯದೆ ಸುಪ್ತಾವಸ್ಥೆಗೆ ಹೋಗುತ್ತದೆ. ಬೆಂಗಳೂರಿನಲ್ಲಿಯೇ ಏಪ್ರಿಲ್ ತಿಂಗಳ ಹಗಲಿನ ಗರಿಷ್ಠ ಉಷ್ಣಾಂಶ 34 ಡಿಗ್ರಿಯ ಆಸುಪಾಸಿನಲ್ಲಿರುವಾಗ, ಕಲಬುರಗಿ, ರಾಯಚೂರುಗಳಲ್ಲಿ 40 ಡಿಗ್ರಿ ಮೀರುವ ಬಿಸಿಲಿನಲ್ಲಿ ಈ ಬೀಜವನ್ನು ಮಗುವಿನ ಕೈಗೆ ಕೊಡುವುದು ನ್ಯಾಯವಲ್ಲ. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣದು. ಅದನ್ನು ಮಣ್ಣಿನಲ್ಲಿ ಮುಚ್ಚದೆ ಮೇಲೆಯೇ ಉದುರಿಸಿ, ಒಣಗಲು ಬಿಡದೆ ವಾರ ಹತ್ತು ದಿನ ಕಾಯಬೇಕು. ದೊಡ್ಡವರ ಕೈಗೇ ಕಷ್ಟವಾದ ಈ ಕೆಲಸ ನಾಲ್ಕು ವರ್ಷದ ಬೆರಳುಗಳಿಗೆ ಆಗುವಂಥದ್ದಲ್ಲ. ಟೊಮೆಟೊ ಮೊಳೆಯುತ್ತದೆ ನಿಜ, ಆದರೆ ಕಡು ಬಿಸಿಲಿನಲ್ಲಿ ಅದರ ಹೂ ಕಾಯಿ ಕಟ್ಟದೆ ಉದುರುತ್ತದೆ. ಅಲ್ಲದೆ ಬೀಜದಿಂದ ಹಣ್ಣಿನವರೆಗಿನ ದಾರಿ ರಜೆಯ ಅವಧಿಯನ್ನು ಮೀರುತ್ತದೆ. ಚೆಂಡುಹೂವು ಮತ್ತು ಸೂರ್ಯಕಾಂತಿ ಮಾತ್ರ ಕೊಟ್ಟ ಮಾತು ಉಳಿಸಿಕೊಂಡವು. ಅವೆರಡೂ ವಾರದೊಳಗೆ ತಲೆ ಎತ್ತಿದವು, ಮಕ್ಕಳೂ ಅವುಗಳ ಸುತ್ತಲೇ ತಿರುಗಿದರು.

ಬೀಜಗಳ ಕುರಿತ ಮತ್ತೊಂದು ದೂರು ಇದಕ್ಕಿಂತ ಗಂಭೀರವಾದುದು. ಸೂರ್ಯಕಾಂತಿ ಮತ್ತು ಟೊಮೆಟೊ ಬೀಜಗಳ ಮೇಲೆ ಗುಲಾಬಿ ಬಣ್ಣದ ಲೇಪ ಇತ್ತು. ಬೀಜ ಕೊಳೆಯದಂತೆ ಥೈರಾಮ್, ಕ್ಯಾಪ್ಟಾನ್ ಮೊದಲಾದ ಶಿಲೀಂಧ್ರನಾಶಕಗಳನ್ನು ಲೇಪಿಸುವುದು ಬೀಜೋದ್ಯಮದಲ್ಲಿ ಸಾಮಾನ್ಯ ರೂಢಿ, ಮತ್ತು ಹಾಗೆ ಉಪಚರಿಸಿದ ಬೀಜವನ್ನು ಗುರುತಿಸಲೆಂದೇ ಅದಕ್ಕೆ ಬಣ್ಣ ಕಟ್ಟುತ್ತಾರೆ. ಉಪಚರಿಸಿದ ಬೀಜದ ಪೊಟ್ಟಣದ ಮೇಲೆ ಆ ಸಂಗತಿಯನ್ನೂ, ಬಳಸಿದ ರಾಸಾಯನಿಕದ ಹೆಸರನ್ನೂ, ಆಹಾರವಾಗಿ ಬಳಸಬಾರದೆಂಬ ಎಚ್ಚರಿಕೆಯನ್ನೂ ನಮೂದಿಸಬೇಕೆಂದು 1968ರ ಬೀಜ ನಿಯಮಗಳು ಹೇಳುತ್ತವೆ. ನಮಗೆ ಬಂದ ಪೊಟ್ಟಣಗಳ ಮೇಲೆ ನಗುವ ಹೂವಿನ ಚಿತ್ರವಿತ್ತೇ ಹೊರತು ಇಂಥ ಒಂದು ಸಾಲೂ ಇರಲಿಲ್ಲ. ಮೊಳೆಯುವ ಪ್ರಮಾಣ, ಪರೀಕ್ಷೆ ಮಾಡಿದ ದಿನಾಂಕ, ಬಳಕೆಯ ಕೊನೆಯ ಅವಧಿ ಯಾವುದೂ ಇರಲಿಲ್ಲ. ಸೂರ್ಯಕಾಂತಿ ಬೀಜ ತಿನ್ನುವ ವಸ್ತುವೆಂದು ಮಕ್ಕಳಿಗೂ ಗೊತ್ತಿರುವುದರಿಂದ, ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಗು ಇರುವ ಮನೆಯಲ್ಲಿ ಇದು ಸಣ್ಣ ಲೋಪವಲ್ಲ. ಬಣ್ಣದ ಬೀಜ ಕಂಡರೆ ಅದನ್ನು ದೊಡ್ಡವರೇ ಬಿತ್ತಿ, ಪೊಟ್ಟಣವನ್ನು ಎತ್ತರದಲ್ಲಿಟ್ಟು, ಮಕ್ಕಳ ಕೈಯನ್ನು ಸೋಪಿನಿಂದ ತೊಳೆಸುವುದು ಅಗತ್ಯ. ಮಕ್ಕಳಿಗಾಗಿಯೇ ಮಾಡಿದ ಪೆಟ್ಟಿಗೆಯಲ್ಲಿ ಉಪಚರಿಸದ ಬೀಜವನ್ನು ಇಡುವುದು ತಯಾರಕರ ಕರ್ತವ್ಯವೆಂದು ನಾನು ಒತ್ತಿ ಹೇಳುತ್ತೇನೆ.

ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇದೆ. ಹಗಲು ಹೊತ್ತು ಮಕ್ಕಳೊಂದಿಗೆ ಇರುವವರು ಅವರ ಅಜ್ಜಿ. ಗಿಡದ ಬಗ್ಗೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವರೂ ಅವರೇ. ಕನ್ನಡದಲ್ಲಿ ಎರಡು ಪುಟವಿದ್ದರೆ ಅವರೇ ಮಕ್ಕಳನ್ನು ಕೂರಿಸಿಕೊಂಡು ಓದಿ ಮಾಡಿಸುತ್ತಿದ್ದರು. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಕೈಪಿಡಿಯ ಸಲಹೆಗಳು ಬೇರೆ ಅಕ್ಷಾಂಶದ ದೇಶಕ್ಕಾಗಿ ಬರೆದವು. ಕುಂಡಗಳನ್ನು ದಕ್ಷಿಣಕ್ಕೆ ಮುಖ ಮಾಡಿದ ಕಿಟಕಿಯ ಬಳಿ ಇಡಬೇಕೆಂದು ಅದು ಹೇಳುತ್ತದೆ. ನಡು ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದ ಆಕಾಶದಲ್ಲೇ ಇರುವ ಯುರೋಪಿಗೆ ಈ ಮಾತು ಸರಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ನಡು ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು, ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಉತ್ತರಕ್ಕೆ ವಾಲಿರುತ್ತಾನೆ. ಕಲಬುರಗಿಯಲ್ಲಿ ಇದು ಮೇ ಎರಡನೇ ವಾರದಲ್ಲಿ ಆಗುತ್ತದೆ. ಹೀಗಾಗಿ ಚಳಿಗಾಲದಲ್ಲಿ ಬಿಸಿಲು ತುಂಬಿದ್ದ ದಕ್ಷಿಣದ ಬಾಲ್ಕನಿ ಬೇಸಿಗೆ ರಜೆಯಲ್ಲಿ ನೆರಳಾಗುತ್ತದೆ, ಅಷ್ಟೊತ್ತಿಗೆ ಉತ್ತರ ಮತ್ತು ಪೂರ್ವದ ಬಾಲ್ಕನಿಗಳಿಗೆ ಬಿಸಿಲು ಬರುತ್ತದೆ. ಬೆಳಗಿನ ಮೂರು ನಾಲ್ಕು ಗಂಟೆಗಳ ಬಿಸಿಲು ಬೀಳುವ ಪೂರ್ವದ ಮೂಲೆ ಸಿಕ್ಕಿದರೆ ಸಾಕು, ಎಳೆ ಸಸಿಗಳಿಗೆ ಅದೇ ಶ್ರೇಷ್ಠ ಸ್ಥಳ. ಸೂರ್ಯ ಹೀಗೆ ನೆತ್ತಿಯ ಮೇಲೆ ಬರುವ ‘ನೆರಳಿಲ್ಲದ ದಿನ’ದ ಮಧ್ಯಾಹ್ನ ತಾರಸಿಯಲ್ಲಿ ನೀರಿನ ಲೋಟವೊಂದನ್ನು ಇಟ್ಟು ಅದರ ನೆರಳು ಮಾಯವಾಗುವುದನ್ನು ಮಕ್ಕಳಿಗೆ ತೋರಿಸಬಹುದು. ಗಿಡ ಎಲ್ಲಿಡಬೇಕೆಂಬ ಪ್ರಶ್ನೆಗೆ ಉತ್ತರವನ್ನು ಆಮೇಲೆ ಅವರೇ ಹೇಳುತ್ತಾರೆ.

ಕುಂಡಗಳ ಬಗ್ಗೆಯೂ ಒಂದು ಮಾತು. ನಾಲ್ಕು ಅಂಗುಲದ ಮಣ್ಣಿನ ಕುಂಡ ನೋಡಲು ಚೆಂದ, ಬಣ್ಣ ಹಚ್ಚಲು ಇನ್ನೂ ಚೆಂದ. ಆದರೆ ಅದರಲ್ಲಿ ಹಿಡಿಯುವುದು ಸುಮಾರು ಅರ್ಧ ಲೀಟರಿನಷ್ಟು ಮಣ್ಣು. ಸುಟ್ಟ ಮಣ್ಣಿನ ಗೋಡೆಯ ಮೂಲಕ ನೀರು ಆವಿಯಾಗುವುದರಿಂದ ಬೇರು ತಂಪಾಗಿರುತ್ತದೆ ಎಂಬುದು ಲಾಭವಾದರೂ, ಬೇಸಿಗೆಯಲ್ಲಿ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇಂಗಿಹೋಗುತ್ತದೆ. ಸೂರ್ಯಕಾಂತಿಯಂಥ ಗಿಡ ಅದರಲ್ಲಿ ಎರಡು ವಾರಕ್ಕಿಂತ ಹೆಚ್ಚು ನೆಮ್ಮದಿಯಾಗಿರಲಾರದು. ಕುಂಡದ ಕೆಳಗಿಡಲು ಪ್ಲಾಸ್ಟಿಕ್ ತಟ್ಟೆಗಳನ್ನೂ ಕೊಟ್ಟಿದ್ದಾರೆ. ಅವುಗಳಲ್ಲಿ ನಿಂತ ನೀರೇ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಡುವ ಜಾಗ, ಮತ್ತು ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಒಂದು ವಾರ ಹತ್ತು ದಿನ ಸಾಕು. ತಟ್ಟೆಗೆ ಮರಳು ತುಂಬಿಬಿಟ್ಟರೆ ತೇವವೂ ಉಳಿಯುತ್ತದೆ, ಸೊಳ್ಳೆಯ ಭಯವೂ ಇರುವುದಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಗಿ ಬಂದುದನ್ನು ಕಂಡ ಮೇಲೂ ಈ ಎಚ್ಚರಿಕೆ ಕೈಪಿಡಿಯಲ್ಲಿ ಇಲ್ಲದಿರುವುದು ನನಗೆ ಸರಿಕಾಣಲಿಲ್ಲ.

ನೀರಿನ ಮಾತು ಬಂದುದರಿಂದ ಇದನ್ನೂ ಸೇರಿಸುತ್ತೇನೆ. ಅದೇ 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈದೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನೂ ವಿಧಿಸಿತ್ತು. ಅಂಥ ಬೇಸಿಗೆ ಮತ್ತೆ ಬರಬಹುದಾದ ಊರಿನಲ್ಲಿ ಮಕ್ಕಳ ತೋಟ ಅಕ್ಕಿ ಬೇಳೆ ತೊಳೆದ ನೀರಿನಿಂದಲೇ ನಡೆಯಬೇಕು. ನಾಲ್ಕಾರು ಕುಂಡಗಳಿಗೆ ಅದು ಧಾರಾಳವಾಗಿ ಸಾಲುತ್ತದೆ. ಅಕ್ಕಚ್ಚನ್ನು ಚೊಂಬಿನಲ್ಲಿ ತುಂಬಿಟ್ಟು ಸಂಜೆ ಗಿಡಗಳಿಗೆ ಹಂಚುವ ಕೆಲಸವನ್ನು ಮಗಳು ಬಹಳ ಜವಾಬ್ದಾರಿಯಿಂದ ಮಾಡುತ್ತಿದ್ದಳು.

ಕರಕುಶಲದ ಭಾಗ ಈ ಪೆಟ್ಟಿಗೆಯ ಬಲವೆಂದು ಮೇಲೆ ಹೇಳಿದೆ. ಬಣ್ಣಗಳು ದಟ್ಟವಾಗಿವೆ, ವಾಸನೆ ಇಲ್ಲ, ಕುಂಚಗಳ ಕೂದಲು ಉದುರುವುದಿಲ್ಲ. ಆದರೆ ಕುಂಡದ ಹೊರಮೈಯಿಡೀ ಬಣ್ಣ ಬಳಿದರೆ, ಒಳಗಿನಿಂದ ಜಿನುಗುವ ನೀರು ಹೊರಬರಲು ದಾರಿಯಿಲ್ಲದೆ ಬಣ್ಣವೇ ಹಕ್ಕಳೆಯಾಗಿ ಏಳುತ್ತದೆ. ಕಂಠದ ಸುತ್ತ ಮಾತ್ರ ಹಚ್ಚಿ ಒಂದು ದಿನ ಒಣಗಲು ಬಿಟ್ಟರೆ ಬಾಳಿಕೆ ಬರುತ್ತದೆ. ನಮಗೆ ಇದಕ್ಕಿಂತಲೂ ಹಿಡಿಸಿದ್ದು ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ರೀತಿ. ಸಾಗರ, ಸೊರಬದ ಕಡೆಯ ಮನೆಗಳಲ್ಲಿ ಕೆಮ್ಮಣ್ಣು ಬಳಿದ ನೆಲೆಯ ಮೇಲೆ ಅಕ್ಕಿ ಅರೆದ ಬಿಳಿಯಿಂದ, ಹುರಿದ ಅಕ್ಕಿಯ ಕಪ್ಪಿನಿಂದ, ಗುರಿಗೆ ಬೀಜದ ಹಳದಿಯಿಂದ, ಪುಂಡಿ ನಾರಿನ ಕುಂಚ ಹಿಡಿದು ಆ ಗೆರೆಗಳನ್ನು ಎಳೆಯುತ್ತಾರೆ. ಮಣ್ಣಿನ ಕುಂಡದ ಕೆಂಪು ಮೈ ಅದಕ್ಕೆ ಸಹಜವಾಗಿಯೇ ಒದಗುತ್ತದೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದುಕೊಟ್ಟರೆ ಮಕ್ಕಳು ಬೆರಳಿನಿಂದಲೋ ತೆಂಗಿನ ಗರಿಯ ಕಡ್ಡಿಯಿಂದಲೋ ಅಡ್ಡ ಉದ್ದ ಗೆರೆ, ಚುಕ್ಕಿ, ತೆನೆಗಳನ್ನು ಬರೆಯಬಹುದು. ನೀರು ಬಿದ್ದಾಗ ಅದು ಅಳಿಸಿಹೋಗುತ್ತದೆ, ಮಾರನೆಯ ದಿನ ಮತ್ತೆ ಬರೆಯಲು ಜಾಗವಾಗುತ್ತದೆ. ಚಿಕ್ಕ ಮಕ್ಕಳಿಗೆ ಮಾಡಿದ್ದನ್ನೇ ಮತ್ತೆ ಮಾಡುವುದರಲ್ಲಿ ಇರುವ ಸಂತೋಷಕ್ಕೆ ಇದು ಸರಿಹೊಂದುತ್ತದೆ. ಬಾಯಿಗೆ ಹೋದರೂ ಅಪಾಯವಿಲ್ಲ.

ತೋಟ ಮತ್ತು ಕರಕುಶಲವನ್ನು ನಿಜವಾಗಿ ಒಂದುಗೂಡಿಸುವ ಬಣ್ಣಗಳು ಗಿಡಗಳಲ್ಲೇ ಇವೆ ಎಂಬುದನ್ನು ಕಿಟ್ ತಯಾರಿಸಿದವರು ಗಮನಿಸಿಲ್ಲ. ಬಸಳೆಯ ಮಾಗಿದ ಹಣ್ಣನ್ನು ಹಿಸುಕಿದರೆ ಕಡು ನೇರಳೆ ಶಾಯಿ ಸಿಗುತ್ತದೆ; ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಬೆಳೆದ ಎಷ್ಟೋ ಮಂದಿ ಅದರಿಂದ ಅಂಗೈ ತುಂಬ ಬರೆದುಕೊಂಡವರೇ. ಶಂಖಪುಷ್ಪವನ್ನು ಬಿಸಿನೀರಿಗೆ ಹಾಕಿದರೆ ನೀಲಿಯಾಗಿ, ಅದಕ್ಕೆ ನಿಂಬೆರಸ ಹಿಂಡಿದೊಡನೆ ನೇರಳೆಗೆ ತಿರುಗುತ್ತದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಆರತಿಯ ತಟ್ಟೆಯ ಕೆಂಪು ಬರುತ್ತದೆ, ಆದರೆ ಸುಣ್ಣವನ್ನು ಮಾತ್ರ ದೊಡ್ಡವರೇ ಬೆರೆಸಬೇಕು. ಬಲಿತ ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದು ಈ ಬಣ್ಣಗಳಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದರೆ ಐದು ಎಸಳಿನ ಹೂವಿನ ಅಚ್ಚು ಮೂಡುತ್ತದೆ. ಇವುಗಳಿಗೆ ಪೆಟ್ಟಿಗೆಯ ಕುಂಚಗಳಷ್ಟೇ ಬೇಕು.

ಲೆಟ್ಯೂಸ್ ಮತ್ತು ಪೆಟೂನಿಯಾ ಕುಂಡಗಳು ಬರಿದಾಗಿಯೇ ಉಳಿದಾಗ ನಾವು ಬೇರೆ ಬೀಜ ತಂದು ಅದೇ ಸಾಮಗ್ರಿಯಲ್ಲಿ ಮತ್ತೆ ಆರಂಭಿಸಿದೆವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತಾನು ಅಭಿವೃದ್ಧಿಪಡಿಸಿದ ತರಕಾರಿ ತಳಿಗಳ ಬೀಜವನ್ನು ಸಣ್ಣ ಪೊಟ್ಟಣಗಳಲ್ಲಿ, ಅಂತರ್ಜಾಲದ ಮೂಲಕವೂ ಮಾರುತ್ತದೆ. ಅಲ್ಲಿನ ಅರ್ಕಾ ಸುಗುಣ ಎಂಬ ಹಸಿರು ಹರಿವೆ ಮತ್ತು ಅರ್ಕಾ ಅರುಣಿಮಾ ಎಂಬ ಕೆಂಪು ಹರಿವೆ ಪದೇ ಪದೇ ಚಿವುಟಬಹುದಾದ ತಳಿಗಳು. ಬೆಂಡೆಯಲ್ಲಿ ಅರ್ಕಾ ಅನಾಮಿಕ ಹೆಸರಾಂತ ತಳಿ. ಲಾಲ್‌ಬಾಗಿನ ಆವರಣದಲ್ಲಿರುವ ನರ್ಸರಿಗಾರರ ಸಹಕಾರ ಸಂಘದ ಮಳಿಗೆಯಲ್ಲಿ ಸಸಿ, ಗೊಬ್ಬರ, ಕುಂಡಗಳು ಒಂದೇ ಕಡೆ ಸಿಗುತ್ತವೆ, ಮತ್ತು ಮಕ್ಕಳಿಗೆ ಗಿಡವನ್ನು ತಾವೇ ಆರಿಸಿ ತರುವ ಅವಕಾಶವೂ ಸಿಗುತ್ತದೆ. ದೂರದ ಊರಿನವರಿಗೆ ಸಂತೆಯ ಬೀಜದಂಗಡಿಯೇ ಸಾಕು. ಅಲಸಂದೆ, ಹೆಸರು, ಮೆಂತ್ಯಗಳಿಗಂತೂ ಅಡುಗೆಮನೆಯ ಡಬ್ಬಿಗಿಂತ ಆಚೆ ಹೋಗಬೇಕಾಗಿಲ್ಲ.

ಅಲಸಂದೆಯೊಂದಿಗೆ ಆರಂಭಿಸುವುದು ಉತ್ತಮ. ಕಾಳು ದೊಡ್ಡದು, ಮಗುವಿನ ಬೆರಳಿಗೆ ಸಿಗುತ್ತದೆ, ರಾತ್ರಿ ನೆನೆಸಿ ಬಿತ್ತಿದರೆ ಮೂರು ನಾಲ್ಕು ದಿನಗಳಲ್ಲಿ ಬಾಗಿದ ಕಾಂಡವೊಂದು ಮಣ್ಣನ್ನು ಸೀಳಿಕೊಂಡು, ಒಡೆದ ಬೇಳೆಯನ್ನು ತಲೆಯ ಮೇಲೆ ಹೊತ್ತ ಹಾಗೆ ಮೇಲೆ ಬರುತ್ತದೆ. ಆ ಬೆಳಿಗ್ಗೆ ಮಗಳು, ‘ಅಜ್ಜಿ, ಕಾಳು ಎದ್ದಿದೆ ಬನ್ನಿ’ ಎಂದು ಕರೆದ ಸಂಭ್ರಮ ಒಂಬೈನೂರು ರೂಪಾಯಿಯ ಪೆಟ್ಟಿಗೆಯ ಬೀಜಗಳಿಂದ ಸಿಕ್ಕಿರಲಿಲ್ಲ. ಹರಿವೆಯ ಬೀಜ ಸಾಸಿವೆಗಿಂತ ಸಣ್ಣದಾದ್ದರಿಂದ ಅದನ್ನು ಒಣ ಮರಳಿನೊಂದಿಗೆ ಬೆರೆಸಿ ಉದುರಿಸುವ ರೈತರ ಪದ್ಧತಿಯನ್ನೇ ಅನುಸರಿಸಬೇಕು. ಮಕ್ಕಳಿಗೂ ಮರಳು ಸುರಿಯುವುದು ಇಷ್ಟ. ಸುಮಾರು 25ರಿಂದ 30 ದಿನಗಳಲ್ಲಿ ಅದು ಕೊಯ್ಲಿಗೆ ಬರುವುದರಿಂದ ರಜೆ ಮುಗಿಯುವುದರೊಳಗೆ ಮಕ್ಕಳು ಬೆಳೆದ ಸೊಪ್ಪಿನ ಹುಳಿಯನ್ನು ಮನೆಮಂದಿಯೆಲ್ಲ ಉಣ್ಣಬಹುದು. ಬೆಂಡೆಗೆ ಕನಿಷ್ಠ ಒಂದು ಅಡಿ ಆಳದ ಚೀಲ ಬೇಕು. ಅದು ಒಂದೂವರೆ ತಿಂಗಳ ಹೊತ್ತಿಗೆ ಹಳದಿ ಹೂ ಬಿಡುತ್ತದೆ. ಬೀಜಕ್ಕಾಗಿ ಕಾಯುವ ಸಹನೆ ಇನ್ನೂ ಬಾರದ ಮಗುವಿಗೆ ದೊಡ್ಡಪತ್ರೆಯ ಒಂದು ತುಂಡು ಕಾಂಡ ಚುಚ್ಚಲು ಕೊಟ್ಟರೆ ಅದು ಬೇಗನೆ ಬೇರು ಬಿಡುತ್ತದೆ, ಮುಟ್ಟಿದಾಗಲೆಲ್ಲ ಕೈ ಘಮಘಮಿಸುತ್ತದೆ.

ಹೀಗೆ ಬೀಜ, ಎರೆಗೊಬ್ಬರ, ತೆಂಗಿನ ನಾರಿನ ಇಟ್ಟಿಗೆ, ನಾಲ್ಕು ಬೆಳೆಚೀಲಗಳನ್ನು ಬಿಡಿಬಿಡಿಯಾಗಿ ತಂದಾಗ ಆದ ಖರ್ಚು ಕಿಟ್‌ನ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೂ ಕಿಟ್ ವ್ಯರ್ಥವೆಂದು ನಾನು ಹೇಳಲಾರೆ. ಹತ್ತಿರದಲ್ಲಿ ನರ್ಸರಿ ಇಲ್ಲದವರಿಗೆ, ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡಬೇಕೆನ್ನುವವರಿಗೆ, ಬಣ್ಣ ಹಚ್ಚುವುದರಲ್ಲೇ ಹೆಚ್ಚು ಆಸಕ್ತಿಯಿರುವ ಐದು ವರ್ಷ ಮೇಲ್ಪಟ್ಟ ಮಕ್ಕಳಿಗೆ ಇದನ್ನು ಕೊಳ್ಳಬಹುದು. ಕೊಳ್ಳುವ ಮುನ್ನ ಬೀಜಗಳ ಪಟ್ಟಿಯನ್ನು ಓದಿ, ಹರಿವೆ, ಬೆಂಡೆ, ಅಲಸಂದೆ, ಚೆಂಡುಹೂವು, ಸೂರ್ಯಕಾಂತಿಗಳಲ್ಲಿ ಮೂರಾದರೂ ಇವೆಯೇ, ಬೀಜ ಉಪಚರಿಸಿದ್ದೇ ಎಂದು ಮಾರಾಟಗಾರರನ್ನು ಕೇಳಿ ತಿಳಿಯಿರಿ. ನಾಲ್ಕು ವರ್ಷದೊಳಗಿನ ಮಕ್ಕಳಿರುವ ಮನೆಗೆ, ಈಗಿರುವ ಸ್ಥಿತಿಯಲ್ಲಿ, ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ಈಗಾಗಲೇ ಇಂಥ ಪೆಟ್ಟಿಗೆಯನ್ನು ಕೊಂಡಿರುವವರು ಲೆಟ್ಯೂಸ್ ಮತ್ತು ಪೆಟೂನಿಯಾ ಪೊಟ್ಟಣಗಳನ್ನು ಈಗ ತೆರೆಯಬೇಡಿ. ತೇವ ತಾಗದ ಡಬ್ಬಿಯಲ್ಲಿ ಹಾಕಿ, ತಿನ್ನುವ ಪದಾರ್ಥಗಳಿಂದ ಬೇರೆಯಾಗಿ, ಮಕ್ಕಳ ಕೈಗೆಟುಕದ ತಂಪು ಜಾಗದಲ್ಲಿಟ್ಟು, ಮಳೆಗಾಲ ಹಿಂದೆ ಸರಿದು ಹವೆ ತಂಪಾಗುವ ಅಕ್ಟೋಬರ್ ಕೊನೆಗೆ ಬಿತ್ತಿ. ಆಗ ದಕ್ಷಿಣದ ಬಾಲ್ಕನಿಗೂ ಬಿಸಿಲು ಮರಳಿ ಬಂದಿರುತ್ತದೆ, ಕೈಪಿಡಿಯ ಸಲಹೆಯೂ ನಮ್ಮ ಊರಿಗೆ ಸರಿಹೊಂದುತ್ತದೆ.